ಸಂಜೆ ಆರರ ಮೇಲಿನ ಹೊತ್ತು

ಕುಡಿತ ಬಿಟ್ಟವನನ್ನು ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆ, ಹೇಗೆ ಬಿಟ್ಟೆ ಎಂಬುದು. ಬಿಟ್ಟ ಮೇಲೆ ಸಂಜೆಗಳನ್ನು ಹೇಗೆ ಕಳೆದೆ ಎಂದು ನನ್ನನ್ನು ಕೇಳಿದವರು ತೀರಾ ಕಡಿಮೆ. ನನ್ನ ಅನುಭವದಲ್ಲಿ ಮೊದಲಿನದು ವೈದ್ಯರ ನೆರವಿನಿಂದ ಕೆಲವೇ ದಿನಗಳಲ್ಲಿ ಆದ ಕೆಲಸ. ಎರಡನೆಯದು ತಿಂಗಳುಗಟ್ಟಲೆ ನಡೆದು ಇಂದಿಗೂ ನಡೆಯುತ್ತಲೇ ಇರುವ ಕೆಲಸ. ದಾವಣಗೆರೆಯ ಎ.ಪಿ.ಎಂ.ಸಿ. ಪ್ರಾಂಗಣದ ಒಂದು ದಲ್ಲಾಳಿ ಮಂಡಿಯಲ್ಲಿ ನಾನು ಗುಮಾಸ್ತ. ಮೆಕ್ಕೆಜೋಳದ ಲೆಕ್ಕ ಬರೆಯುವುದು, ರೈತರಿಗೆ ಹಣ ಚುಕ್ತಾ ಮಾಡುವುದು ನನ್ನ ದಿನದ ಕೆಲಸ. ಬಿಟ್ಟ ಮೊದಲ ವರ್ಷದಲ್ಲಿ ನನ್ನ ದಿನಗಳು ಮತ್ತೆ ಹೇಗೆ ಒಂದು ಆಕಾರಕ್ಕೆ ಬಂದವು ಎಂಬುದನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುತ್ತಿಲ್ಲ, ನಾನು ಸೇರಿರುವ, ಕುಡಿತ ಬಿಟ್ಟವರ ಬಳಗದಲ್ಲಿ ಹೆಸರು ಹೇಳದಿರುವುದು ರೂಢಿ, ಆ ರೂಢಿಯಿಂದ ಎಷ್ಟು ಜನ ಧೈರ್ಯವಾಗಿ ಬಾಗಿಲು ದಾಟಿ ಒಳಗೆ ಬಂದಿದ್ದಾರೆಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಮುಂದಕ್ಕೆ ಹೋಗುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿದವರು ‘ನಾಳೆಯಿಂದ ಮುಟ್ಟುವುದಿಲ್ಲ’ ಎಂದು ಮನೆಯಲ್ಲಿಯೇ ಒಮ್ಮೆಲೇ ನಿಲ್ಲಿಸುವುದು ಅಪಾಯಕರ. ಕೊನೆಯ ಸಲ ಕುಡಿದು ಆರೇಳು ಗಂಟೆ ಕಳೆಯುವಷ್ಟರಲ್ಲಿ ಕೈನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ್ದು ಕಾಣುವ, ಮನೆಯವರ ಗುರುತೇ ಹತ್ತದ ಸ್ಥಿತಿ ಬರುತ್ತದೆ, ಚಿಕಿತ್ಸೆ ಸಿಗದಿದ್ದರೆ ಅದರಲ್ಲಿ ಪ್ರಾಣವೂ ಹೋಗಬಹುದು. ನಾನು ಆಸ್ಪತ್ರೆಗೆ ದಾಖಲಾಗಿ, ದಿನದಿಂದ ದಿನಕ್ಕೆ ಪ್ರಮಾಣ ಇಳಿಸುತ್ತ ಕೊಟ್ಟ ಮಾತ್ರೆಗಳು ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದುಗಳ ನೆರವಿನಿಂದ ಆ ದಿನಗಳನ್ನು ದಾಟಿದೆ. ಇದರ ಜೊತೆಗೇ ಹೇಳಬೇಕಾದ ಇನ್ನೊಂದು ವಿಷಯವಿದೆ. ಕುಡಿತ ಬಿಡಿಸುತ್ತದೆ ಎಂದು ಯಾರೋ ಹೇಳಿದ ಡೈಸಲ್ಫಿರಾಮ್ ಮಾತ್ರೆಯನ್ನು ಗಂಡನಿಗೋ ಮಗನಿಗೋ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡುವವರಿದ್ದಾರೆ. ಅದು ಹೊಟ್ಟೆಯಲ್ಲಿರುವಾಗ ಅರಿಯದೆ ಕುಡಿದವನಿಗೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತು ಬರಬಹುದು. ವೈದ್ಯರು ಬರೆದುಕೊಟ್ಟು, ತೆಗೆದುಕೊಳ್ಳುವವನು ತಿಳಿದು ಒಪ್ಪಿದರೆ ಮಾತ್ರ ಅದು ಔಷಧಿ. ಯಾರನ್ನು ಕೇಳಬೇಕೆಂದೇ ತೋಚದವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಅಥವಾ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಕರೆ ಮಾಡಬಹುದು, ಎರಡೂ ಉಚಿತ.

ಮನೆಗೆ ಬಂದ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಕುಡಿಯುವ ಆಸೆಗಿಂತ ಹೊತ್ತು ಹೋಗದ ಸಂಕಟ. ಅಲ್ಲಿಯವರೆಗೆ ನನ್ನ ಇಡೀ ದಿನ ಕುಡಿತದ ಸುತ್ತಲೇ ಕಟ್ಟಿಕೊಂಡಿತ್ತು. ಬೆಳಗ್ಗೆ ತಲೆ ಹಗುರಾಗುವುದನ್ನು ಕಾಯುವುದು, ಮಧ್ಯಾಹ್ನ ಟೆಂಡರ್ ದರ ಗೊತ್ತಾದ ಮೇಲೆ ತೂಕ ಬೇಗ ಮುಗಿಯಲಿ ಎಂದು ಚಡಪಡಿಸುವುದು, ಸಂಜೆ ಎಲ್ಲಿ, ಯಾರ ಜೊತೆ ಎಂದು ಲೆಕ್ಕ ಹಾಕುವುದು, ರಾತ್ರಿ ಮನೆಯಲ್ಲಿ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಹೊಂದಿಸಿಕೊಳ್ಳುವುದು: ಇಷ್ಟರಲ್ಲಿ ದಿನ ತುಂಬಿಹೋಗುತ್ತಿತ್ತು. ಇದನ್ನೆಲ್ಲ ತೆಗೆದುಹಾಕಿದ ಮೇಲೆ ಉಳಿದ ಹೊತ್ತು ಎಷ್ಟು ದೊಡ್ಡದೆಂಬ ಅಂದಾಜು ನನಗಿರಲಿಲ್ಲ. ಊಟ ರುಚಿಸುತ್ತಿರಲಿಲ್ಲ, ಟಿ.ವಿ. ನೋಡಿದರೆ ಮನಸ್ಸು ನಿಲ್ಲುತ್ತಿರಲಿಲ್ಲ, ಮಕ್ಕಳು ಹತ್ತಿರ ಬಂದು ಏನಾದರೂ ಹೇಳಿದರೆ ಕಿವಿಗೆ ಬೀಳುತ್ತಿತ್ತೇ ಹೊರತು ಒಳಗೆ ಇಳಿಯುತ್ತಿರಲಿಲ್ಲ. ಮೆದುಳು ಇಷ್ಟು ವರ್ಷ ಸುಖವನ್ನು ಒಂದೇ ಮೂಲದಿಂದ ಪಡೆದು ರೂಢಿಯಾಗಿರುವುದರಿಂದ ಸಣ್ಣಪುಟ್ಟ ಸಂತೋಷಗಳಿಗೆ ಸ್ಪಂದಿಸಲು ಅದಕ್ಕೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕಾಗುತ್ತವೆ, ನಿದ್ದೆಯೂ ಅಷ್ಟೇ ನಿಧಾನವಾಗಿ ಸರಿಹೋಗುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದ್ದರು. ಆ ಮಾತು ಗೊತ್ತಿದ್ದದ್ದರಿಂದಲೇ ನಾನು ಹೆದರಲಿಲ್ಲ. ಕನಸಿನಲ್ಲಿ ಕುಡಿದು, ಬೆಚ್ಚಿ ಎದ್ದು, ಅಂಗೈಗೆ ಉಸಿರು ಬಿಟ್ಟು ವಾಸನೆ ನೋಡಿಕೊಂಡ ರಾತ್ರಿಗಳೂ ಇದ್ದವು.

ನಮ್ಮ ಕಡೆ ಗಂಡಸರಿಗೆ ಕುಡಿತ ನಿಲ್ಲಿಸುವುದು ಹೊಸದಲ್ಲ. ಶ್ರಾವಣ ಮಾಸವಿಡೀ ಮುಟ್ಟದವರಿದ್ದಾರೆ; ಅಯ್ಯಪ್ಪನ ಮಾಲೆ ಹಾಕಿ 41 ದಿನ ಕಟ್ಟುನಿಟ್ಟಾಗಿ ಇದ್ದವರಿದ್ದಾರೆ; ನಾನೂ ಇದ್ದೆ. ಆ ದಿನಗಳು ನನಗೆ ಕಷ್ಟವಾಗಿರಲಿಲ್ಲ, ಏಕೆಂದರೆ ವ್ರತಕ್ಕೆ ಅದರದೇ ದಿನಚರಿಯಿದೆ: ನಸುಕಿನ ಸ್ನಾನ, ಸಂಜೆಯ ಭಜನೆ, ‘ಸ್ವಾಮಿ’ ಎಂದು ಕರೆಯುವ ಸಂಗಡಿಗರು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಮುಗಿಯುವ ಒಂದು ದಿನ. ಇಳಕಲ್ಲಿನ ಮಠದ ಡಾ. ಮಹಾಂತ ಶಿವಯೋಗಿಗಳು ಊರೂರು ತಿರುಗಿ ಜೋಳಿಗೆ ಹಿಡಿದು, ದುಡ್ಡು ದವಸ ಬೇಡ, ನಿಮ್ಮ ಚಟವನ್ನು ಭಿಕ್ಷೆಯಾಗಿ ಹಾಕಿ ಎಂದು ಬೇಡುತ್ತಿದ್ದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಆ ಜೋಳಿಗೆಯನ್ನು ನಾನು ತುಂಬ ಗೌರವದಿಂದ ನೆನೆಯುತ್ತೇನೆ. ಆದರೆ ಅದಕ್ಕೆ ಹಾಕುವುದು ಒಂದು ಗಳಿಗೆಯ ಕೆಲಸ, ಹಾಕಿದ ಕೈ ಮಾರನೆಯ ದಿನ ಸಂಜೆ ಏನನ್ನು ಹಿಡಿಯಬೇಕು ಎಂಬುದು ಬೇರೆಯೇ ಪ್ರಶ್ನೆ, ಮತ್ತು ನನ್ನ ಮಟ್ಟಿಗೆ ಎಲ್ಲ ತೊಡಕೂ ಅಲ್ಲಿಯೇ ಇತ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ನಡೆಸುವ ಮದ್ಯವರ್ಜನ ಶಿಬಿರಗಳ ನಂತರ ಊರಿಗೆ ಮರಳಿದವರನ್ನು ನವಜೀವನ ಸಮಿತಿಗಳಲ್ಲಿ ಒಟ್ಟುಗೂಡಿಸುವುದು ಸಹ ಇದನ್ನರಿತೇ ಇರಬೇಕು.

ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತೇ ನನ್ನ ಕಷ್ಟದ ಹೊತ್ತು. ದಾವಣಗೆರೆಯಲ್ಲಿ ಸಂಜೆಯಾದರೆ ಮಿರ್ಚಿ-ಮಂಡಕ್ಕಿಯ ಗಾಡಿಗಳ ಮುಂದೆ ಜನ ಸೇರುತ್ತಾರೆ. ಊರಿನ ಎಲ್ಲರಿಗೂ ಅದು ಸಂಜೆಯ ತಿಂಡಿ. ನನಗೆ ಮಾತ್ರ ವರ್ಷಗಳಿಂದ ಅದು ಗ್ಲಾಸಿನ ಪಕ್ಕದ ತಟ್ಟೆ. ಕಾದ ಎಣ್ಣೆಯಲ್ಲಿ ಮೆಣಸಿನಕಾಯಿ ಬೀಳುವ ಸದ್ದಿಗೇ ಬಾಯಿ ಒಣಗುತ್ತಿತ್ತು. ಹೀಗೆ ಬರುವ ಹಂಬಲ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಏರಿ ಇಳಿಯುತ್ತದೆ, ಅಷ್ಟು ಹೊತ್ತು ದಾಟಿಸುವ ಉಪಾಯವೊಂದು ಕೈಯಲ್ಲಿರಬೇಕು ಎಂದು ಆಪ್ತಸಮಾಲೋಚಕರು ಹೇಳಿಕೊಟ್ಟಿದ್ದರು. ನಾನು ಮನೆಗೆ ಹೋಗುವ ದಾರಿ ಬದಲಿಸಿದೆ. ಜೇಬಿನಲ್ಲಿ ಶೇಂಗಾ ಚಿಕ್ಕಿ ಇಟ್ಟುಕೊಂಡೆ, ಬಿಟ್ಟ ಹೊಸತರಲ್ಲಿ ಸಿಹಿಯ ಆಸೆ ಹೆಚ್ಚಾಗುವುದು ಅನೇಕರ ಅನುಭವ. ಮಿರ್ಚಿಯನ್ನು ಬಹುಕಾಲ ಮುಟ್ಟಲಿಲ್ಲ. ಆಮೇಲೆ ಒಂದು ಭಾನುವಾರ ಹೆಂಡತಿ ಮನೆಯಲ್ಲಿಯೇ ಮಂಡಕ್ಕಿ ಕಲಸಿ, ಮಿರ್ಚಿ ಕರಿದು ಬೆಳಗಿನ ಹನ್ನೊಂದು ಗಂಟೆಗೆ ಮಕ್ಕಳ ಜೊತೆ ಕೂರಿಸಿ ಕೊಟ್ಟಳು. ಹೊತ್ತು ಬದಲಾದದ್ದರಿಂದ ಅದು ಮತ್ತೆ ಬರೀ ತಿಂಡಿಯಾಯಿತು.

ಇದೆಲ್ಲ ತಪ್ಪಿಸಿಕೊಳ್ಳುವ ಉಪಾಯ ಮಾತ್ರ. ಹೋಗಬೇಕಾದ ಕಡೆ ಯಾವುದೆಂದು ತಿಳಿದದ್ದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗೆ ಹೋಗತೊಡಗಿದ ಮೇಲೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಈ ಬಳಗ ಹುಟ್ಟಿದ ಬಗೆಯನ್ನು ಅಲ್ಲಿಯೇ ಕೇಳಿದೆ. ವ್ಯವಹಾರ ಕೆಟ್ಟು ಪರ ಊರಿನ ಹೋಟೆಲಿನಲ್ಲಿ ಒಂಟಿಯಾಗಿದ್ದ ಬಿಲ್ ಎಂಬವರು, ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಆ ಹೊತ್ತಿನಲ್ಲಿ, ಬಾರಿನ ಕಡೆ ಹೋಗುವ ಬದಲು ದೂರವಾಣಿ ಹಿಡಿದು, ಮಾತಾಡಲು ತನ್ನಂಥ ಇನ್ನೊಬ್ಬ ಕುಡುಕ ಸಿಗುತ್ತಾನೆಯೇ ಎಂದು ವಿಚಾರಿಸಿದರು. ಹಾಗೆ ಸಿಕ್ಕವರು ಡಾ. ಬಾಬ್ ಎಂಬ ಶಸ್ತ್ರವೈದ್ಯರು. ಯಾರನ್ನೋ ಉದ್ಧರಿಸಲು ಬಿಲ್ ಹೊರಟಿರಲಿಲ್ಲ, ಆ ಸಂಜೆ ತಾನು ಉಳಿಯಬೇಕಿದ್ದರೆ ಇನ್ನೊಬ್ಬನ ಜೊತೆ ಕೂರಬೇಕೆಂದು ಅವರಿಗೆ ಹೊಳೆದಿತ್ತು. ನನಗೆ ಈ ಸಂಗತಿ ತುಂಬ ಹಿಡಿಸಿತು.

ನಮ್ಮ ಸಭೆ ನಡೆಯುವುದು ಒಂದು ಶಾಲೆಯ ಕೊಠಡಿಯಲ್ಲಿ, ಮಕ್ಕಳ ಬೆಂಚುಗಳ ಮೇಲೆ. ಲಾರಿ ಓಡಿಸುವವರು, ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರು, ನಿವೃತ್ತ ಮೇಷ್ಟ್ರು ಎಲ್ಲರೂ ಅಲ್ಲಿದ್ದಾರೆ. ಅವರಲ್ಲಿ ಒಬ್ಬ ಹಿರಿಯರು ಹರೆಯದಲ್ಲಿ ಇಲ್ಲಿನ ಹತ್ತಿ ಗಿರಣಿಯಲ್ಲಿ ಕೆಲಸ ಮಾಡಿದವರು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಮಿಲ್ಲಿನ ಸೈರನ್ ಕೂಗಿದಾಗ ಏಳುವುದು, ಕೂಗಿದಾಗ ಉಣ್ಣುವುದು, ಕೂಗಿದಾಗ ಪಾಳಿ ಬಿಡುವುದು. ಮಿಲ್ಲು ಮುಚ್ಚಿದ ಮೇಲೆ ಸಂಬಳ ಹೋದದ್ದಕ್ಕಿಂತ ಆ ಕೂಗು ನಿಂತದ್ದೇ ತಮ್ಮನ್ನು ಕೆಡಿಸಿತು, ಬೆಳಗ್ಗೆ ಹತ್ತಕ್ಕೇ ಅಂಗಡಿ ಮುಂದೆ ನಿಲ್ಲುವಂತೆ ಮಾಡಿತು ಎಂದು ಅವರು ಹೇಳಿದರು. ನಾನು ಒಂದು ದಿನ ಅವರ ಬಳಿ, ಬಾಳಿಗೆ ಏನಾದರೂ ಗುರಿ ಬೇಕು ಅನ್ನುತ್ತಾರೆ, ನನಗೆ ಯಾವ ಗುರಿಯೂ ಕಾಣುತ್ತಿಲ್ಲ ಎಂದು ಸಂಕಟ ತೋಡಿಕೊಂಡೆ. ‘ಗುರಿ ಗಿರಿ ಆಮೇಲೆ ನೋಡೋಣ ತಮ್ಮಾ. ಇಂಥ ಹೊತ್ತಿಗೆ ನೀನು ಬರಲಿಲ್ಲ ಅಂದ್ರೆ ಯಾರಿಗೆ ತೊಂದ್ರೆ ಆಗುತ್ತೆ? ಅಂಥ ಹೊತ್ತು ದಿನಕ್ಕೆ ಎರಡು ಮೂರು ಮಾಡ್ಕಾ’ ಎಂದರು. ಬಿಟ್ಟ ಹೊಸತರಲ್ಲಿ ದೊಡ್ಡ ಗುರಿಗಳ ಬಗ್ಗೆ ಉಪದೇಶಿಸುವ ಭಾಷಣಗಳನ್ನು ನಾನು ಬಹಳ ಕೇಳಿದ್ದೇನೆ. ನೆಟ್ಟಗೆ ನಿದ್ದೆಯೂ ಬಾರದ ಮನುಷ್ಯನಿಗೆ ಅವು ಹೊರೆಯೇ ಆಗುತ್ತವೆ. ಹಿರಿಯರ ಮಾತು ಮಾತ್ರ ಅದೇ ರಾತ್ರಿ ಕೈಗೂಡಿಸಬಹುದಾದ ಮಾತಾಗಿತ್ತು.

ಮೊದಲ ಹೊತ್ತು ನೀರಿನದು. ನಮ್ಮ ಮನೆ ಹಳೇ ಊರಿನ ಓಣಿಯೊಂದರಲ್ಲಿದೆ. ನಲ್ಲಿಗೆ ನೀರು ದಿನವೂ ಬರುವುದಿಲ್ಲ. ಬರುವ ದಿನ ನಸುಕಿನಲ್ಲಿಯೇ ಬರುತ್ತದೆ. ಇಷ್ಟು ವರ್ಷ ಎದ್ದು ನೀರು ಹಿಡಿದವಳು ನನ್ನ ಹೆಂಡತಿ, ಆ ಹೊತ್ತಿಗೆ ನನಗೆ ಎಚ್ಚರವೇ ಇರುತ್ತಿರಲಿಲ್ಲ. ಈ ಕೆಲಸವನ್ನು ನನಗೆ ಬಿಡು ಎಂದೆ. ಅವಳು ಬೇಡವೆನ್ನಲಿಲ್ಲ, ನಂಬಲೂ ಇಲ್ಲ. ಮೊದಮೊದಲು ನಾನು ಎದ್ದರೂ ಅವಳೂ ಎದ್ದು ಬಾಗಿಲಲ್ಲಿ ನಿಂತಿರುತ್ತಿದ್ದಳು. ನೀರು ಬರುವ ಮುನ್ನ ನಲ್ಲಿಯಲ್ಲಿ ಗಾಳಿ ಬುಸುಗುಟ್ಟುತ್ತದೆ, ಮೊದಲ ನೀರು ಕೆಂಪಗಿರುತ್ತದೆ, ಅದನ್ನು ಗಿಡಕ್ಕೆ ಬಿಟ್ಟು, ತಿಳಿಯಾದ ಮೇಲೆ ಬಟ್ಟೆ ಕಟ್ಟಿ ಕುಡಿಯುವ ಕೊಡಗಳನ್ನು ತುಂಬಿ, ಆಮೇಲೆ ಪೈಪು ಜೋಡಿಸಿ ಡ್ರಮ್ಮಿಗೆ ಹಾಕಬೇಕು. ಪಕ್ಕದ ಮನೆಯಲ್ಲಿ ಒಬ್ಬಂಟಿ ಅಜ್ಜಿ ಇದ್ದಾರೆ. ಅವರಿಗೆ ಕೊಡ ಎತ್ತುವ ಶಕ್ತಿಯಿಲ್ಲ. ಅವರ ಎರಡು ಕೊಡಗಳೂ ನನ್ನ ಪಾಲಿಗೆ ಬಂದವು. ನಾನು ಏಳದಿದ್ದರೆ ಎರಡು ಮನೆಗೆ ನೀರಿಲ್ಲ. ಇದು ತೀರ ಸಣ್ಣ ಸಂಗತಿ ಎಂದು ಯಾರಿಗಾದರೂ ಅನಿಸಬಹುದು. ಆದರೆ ನಸುಕಿನಲ್ಲಿ ಎದ್ದವನಿಗೆ ರಾತ್ರಿ ಹತ್ತಕ್ಕೆ ಕಣ್ಣು ಎಳೆಯುತ್ತದೆ, ನಿದ್ದೆಯ ಮಾತ್ರೆ ಇಲ್ಲದೆ ನಿದ್ದೆ ಹೊಂದಿಕೊಳ್ಳಲು ನನಗೆ ಇದರಷ್ಟು ನೆರವಾದದ್ದು ಇನ್ನೊಂದಿಲ್ಲ. ನೀರು ಬಾರದ ದಿನಗಳಲ್ಲಿಯೂ ಅದೇ ಹೊತ್ತಿಗೆ ಎದ್ದು ಕುಂದವಾಡ ಕೆರೆಯ ಏರಿಯ ಮೇಲೆ ನಡೆಯತೊಡಗಿದೆ.

ಮಂಡಿಯ ಕೆಲಸಕ್ಕೆ ಮರಳಿದಾಗ ಸಾಹುಕಾರರ ಬಳಿ ಎಲ್ಲವನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಪ್ರಾಂಗಣದಲ್ಲಿ ಕುಡಿತ ಗುಟ್ಟಿನ ವಿಷಯವೇನೂ ಅಲ್ಲ. 2007ರ ಜುಲೈಯಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾದ ಮೇಲೆ ಅದರ ಜಾಗಕ್ಕೆ 90 ಎಂ.ಎಲ್. ಮದ್ಯದ ಪ್ಯಾಕೆಟ್ಟುಗಳು ಬಂದವು, ಇಡೀ ದಿನ ಚೀಲ ಹೊತ್ತ ಹಮಾಲರು ಮೈನೋವಿಗೆಂದು ಅದನ್ನು ಹಿಡಿಯುತ್ತಾರೆ, ವ್ಯವಹಾರ ಕುದುರಿದ ಖುಷಿಗೆ ಕಾಸಿದ್ದವರು ಬಾಟಲಿ ತರಿಸುತ್ತಾರೆ. ಸಂಜೆ ಹಣ ಚುಕ್ತಾ ಆಗುವ ಹೊತ್ತೇ ಅದಕ್ಕೂ ಹೊತ್ತು. ಸಾಹುಕಾರರು ಸ್ವಲ್ಪ ಯೋಚಿಸಿ, ‘ಸಂಜೆ ಚುಕ್ತಾ ಸಣ್ಣ ಗುಮಾಸ್ತ ನೋಡ್ಕೊಳ್ಳಲಿ, ನೀನು ಬೆಳಗ್ಗೆ ಬಂದು ರಾಶಿ ಇಳಿಸಿಕೊಂಡು ಲಾಟ್ ಬರೆಸು’ ಎಂದರು. ಬೆಳಗ್ಗೆ ಟ್ರ್ಯಾಕ್ಟರಿನಲ್ಲಿ ಬಂದ ಮಾಲನ್ನು ಇಳಿಸಿ, ತೇವ ನೋಡಿ, ರೈತನ ಹೆಸರು, ಊರು ಬರೆದು ಲಾಟ್ ನಂಬರ್ ಹಾಕಿಸದೆ ಅಂದಿನ ಟೆಂಡರಿಗೆ ಮಾಲು ಹೋಗುವುದಿಲ್ಲ. ಹೀಗಾಗಿ ನನಗಾಗಿ ಕಾಯುವವರ ಎರಡನೆಯ ಹೊತ್ತೂ ಗೊತ್ತಾಯಿತು. ಎಲ್ಲರಿಗೂ ಇಂಥ ಧಣಿ ಸಿಗುವುದಿಲ್ಲವೆಂದು ಬಲ್ಲೆ. ಆದರೆ ಕೇಳಿದರೆ ಸಿಗಬಹುದಾದದ್ದನ್ನು ನಾಚಿಕೆಯಿಂದ ಕೇಳದೆ ಬಿಡುವವರು ಬಹಳ ಜನ.

ಉಳಿದದ್ದು ಸಂಜೆ. ಅದನ್ನು ತುಂಬಿದ್ದು ನನಗೆ ಮೊದಲೇ ಗೊತ್ತಿದ್ದ ಕೆಲಸವೇ. ಒಂದು ಸಂಜೆ ನಮ್ಮೂರ ಕಡೆಯ ರೈತರೊಬ್ಬರು ಬೆಳೆ ವಿಮೆಗೆ ಅರ್ಜಿ ಹಾಕಲು ಹೋಗಿ ಮರಳಿ ಬಂದಿದ್ದರು. ಪಹಣಿಯಲ್ಲಿ ಅವರ ಹೆಸರಿನ ಜೊತೆ ತಂದೆಯ ಹೆಸರಿದೆ, ಆಧಾರ್ ಕಾರ್ಡಿನಲ್ಲಿ ಮನೆತನದ ಹೆಸರಿದೆ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಎರಡೂ ಇಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗಳಿಗೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ 2 ಪರ್ಸೆಂಟಷ್ಟೇ. ಆದರೆ ಕಾಗದಗಳು ಒಂದಕ್ಕೊಂದು ತಾಳೆಯಾಗದಿದ್ದರೆ, ಮಳೆ ಕೈಕೊಟ್ಟ ವರ್ಷ ಪರಿಹಾರ ಖಾತೆಗೆ ಬರುವುದೇ ಕಷ್ಟ. ನಾನು ಅವರನ್ನು ಕೂರಿಸಿಕೊಂಡು ಯಾವ ಕಾಗದದಲ್ಲಿ ಏನು ತಿದ್ದಿಸಬೇಕು, ಯಾವ ಕಚೇರಿಗೆ ಮೊದಲು ಹೋಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಮುಂದಿನ ವಾರ ಅವರು ಇನ್ನಿಬ್ಬರನ್ನು ಕರೆತಂದರು. ಆಮೇಲೆ ಮಂಡಿಯ ಕಟ್ಟೆಯ ಬದಲು ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಆರೂವರೆಗೆ ಕೂರುವುದು ವಾಡಿಕೆಯಾಯಿತು. ಫ್ರೂಟ್ಸ್ ಎಂಬ ಸರ್ಕಾರಿ ರೈತ ನೋಂದಣಿಯ ಸಂಖ್ಯೆ ಇಲ್ಲದವರು, ತಂದೆ ತೀರಿಹೋದರೂ ಜಮೀನನ್ನು ತಮ್ಮ ಹೆಸರಿಗೆ ತರುವ ಪೌತಿ ಖಾತೆ ಮಾಡಿಸದವರು, ಸರ್ವೆ ನಂಬರ್ ತಪ್ಪಾಗಿ ನಮೂದಾದವರು ಬರುತ್ತಾರೆ. ಅರ್ಜಿ ಸಲ್ಲಿಸಲು ಗ್ರಾಮ ಒನ್ ಕೇಂದ್ರವಿದೆ; ನನ್ನದು ಅದಕ್ಕಿಂತ ಹಿಂದಿನ ಕೆಲಸ, ಕಾಗದಗಳನ್ನು ಹೊಂದಿಸಿಕೊಡುವುದು. ದುಡ್ಡು ತೆಗೆದುಕೊಳ್ಳುವುದಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಇದೇ ಜನ ನನ್ನ ಬಳಿ ಬಂದು ಕಾದು ಕಾದು ಎದ್ದುಹೋಗುತ್ತಿದ್ದರು. ಈಗ ನನ್ನ ಕೈಬರಹವನ್ನು ನಂಬಿ ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಆ ನಂಬಿಕೆ ನನಗೆ ಕೊಟ್ಟದ್ದನ್ನು ಯಾವ ಔಷಧಿಯೂ ಕೊಡಲಾರದಿತ್ತು.

ಕೆಲಸ, ಬಿಡುವುಗಳ ಸಮತೋಲದ ಪ್ರಶ್ನೆ ಎದುರಾದದ್ದು ಇದೆಲ್ಲ ಒಂದು ಹದಕ್ಕೆ ಬಂದ ಮೇಲೆಯೇ. ಬಿಡುವಿದ್ದರೆ ಕೇಡು ಎಂಬ ಹೆದರಿಕೆಯಿಂದ ಬಿಟ್ಟವರಲ್ಲಿ ಬಹಳ ಜನ ದಿನವನ್ನು ಸಂದಿಯಿಲ್ಲದಂತೆ ತುಂಬುತ್ತಾರೆ. ನಸುಕಿನ ನಡಿಗೆ, ಮಂಡಿ, ಅರ್ಜಿಗಳು, ಸಭೆ, ಅದರ ಮೇಲೆ ಇನ್ನೊಂದು ಅಂಗಡಿಯ ಲೆಕ್ಕ ಬರೆಯುವ ಕೆಲಸ ಸೇರಿ ನನ್ನ ದಿನವೂ ಹಾಗೆಯೇ ಆಯಿತು. ಮಂಡಿಯಲ್ಲಿ ತೇವ 14 ಪರ್ಸೆಂಟಿಗಿಂತ ಹೆಚ್ಚಿರುವ ಮೆಕ್ಕೆಜೋಳವನ್ನು ಒತ್ತಿ ಚೀಲಕ್ಕೆ ತುಂಬಿದರೆ ಹೊರಗೆ ಏನೂ ಕಾಣದೆ ಒಳಗೊಳಗೇ ಬಿಸಿಯೇರಿ ಬೂಷ್ಟು ಹಿಡಿಯುತ್ತದೆ. ನನ್ನ ಸ್ಥಿತಿಯೂ ಅದೇ ಆಗಿತ್ತು. ಮಗ ಪೆನ್ನು ಕಳೆದುಕೊಂಡು ಬಂದದ್ದಕ್ಕೆ ನನಗೆ ಬಂದ ಸಿಟ್ಟು ನೋಡಿ ಹೆಂಡತಿ, ‘ಕುಡಿದಾಗಲೂ ಹಿಂಗೇ ಇರ್ತಿದ್ರಿ’ ಎಂದಳು. ಸಭೆಯ ಹಿರಿಯರಿಗೆ ಇದನ್ನು ಹೇಳಿದಾಗ ಅವರು ನಾಲ್ಕು ಸಂಗತಿಗಳನ್ನು ದಿನಕ್ಕೆ ಒಂದೆರಡು ಬಾರಿ ನನ್ನನ್ನೇ ಕೇಳಿಕೊಳ್ಳಲು ಹೇಳಿದರು: ಹಸಿವಾಗಿದೆಯೇ, ಸಿಟ್ಟು ಬಂದಿದೆಯೇ, ಒಂಟಿ ಎನಿಸುತ್ತಿದೆಯೇ, ದಣಿದಿದ್ದೇನೆಯೇ. ಹಂಬಲ ಬಂದಾಗಲೆಲ್ಲ ಈ ನಾಲ್ಕರಲ್ಲಿ ಒಂದಾದರೂ ಹಿಂದಿರುತ್ತದೆ ಎಂಬುದು ಬಳಗದವರ ಅನುಭವ. ನನಗಂತೂ ಹಸಿವು ಮತ್ತು ದಣಿವು ಎರಡೂ ಇದ್ದವು. ಇನ್ನೊಂದು ಅಂಗಡಿಯ ಲೆಕ್ಕವನ್ನು ಬಿಟ್ಟೆ. ಸಂಜೆ ಐದೂವರೆಗೆ ಏನಾದರೂ ಗಟ್ಟಿಯಾಗಿ ತಿನ್ನುವುದನ್ನು ಕಡ್ಡಾಯ ಮಾಡಿಕೊಂಡೆ. ಭಾನುವಾರ ಯಾರ ಅರ್ಜಿಯನ್ನೂ ನೋಡುವುದಿಲ್ಲ. ಅಂದು ಬೆಳಗ್ಗೆ ಮನೆಯವರೆಲ್ಲ ಬೆಣ್ಣೆ ದೋಸೆ ತಿನ್ನಲು ಹೋಗುತ್ತೇವೆ, ಮಧ್ಯಾಹ್ನ ಸುಮ್ಮನೆ ಮಲಗುತ್ತೇನೆ. ಏನೂ ಮಾಡದೆ ಕುಳಿತ ಒಂದು ಗಂಟೆಯನ್ನು ಹೆದರದೆ ಕಳೆಯುವುದು ನನ್ನ ಪಾಲಿಗೆ ಹನ್ನೆರಡು ಗಂಟೆ ದುಡಿಯುವುದಕ್ಕಿಂತ ಕಷ್ಟದ ಕಲಿಕೆಯಾಗಿತ್ತು.

ಆ ವರ್ಷ ದುಗ್ಗಮ್ಮನ ಜಾತ್ರೆ ಬಂತು. ದಾವಣಗೆರೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. ಆಗ ಹಳೇ ಊರಿನ ಮನೆಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ನೆಂಟರು, ಬಾಡೂಟ, ಮತ್ತು ಬಾಡೂಟದ ಜೊತೆಗೇ ಬರುವ ಬಾಟಲಿ. ತಪ್ಪಿಸಿಕೊಂಡು ಬೇರೆ ಊರಿಗೆ ಹೋಗು ಎಂದು ಕೆಲವರು ಸಲಹೆ ಕೊಟ್ಟರು. ಅಮ್ಮನ ಹಬ್ಬಕ್ಕೆ ಮನೆಯ ಯಜಮಾನನೇ ಇಲ್ಲದಿರುವುದು ನನಗೆ ಸರಿ ಕಾಣಲಿಲ್ಲ. ಅದರ ಬದಲು ವಾರ ಮೊದಲೇ ಎಲ್ಲವನ್ನೂ ಗೊತ್ತು ಮಾಡಿಕೊಂಡೆ. ರೈಲು ನಿಲ್ದಾಣ, ಬಸ್ ನಿಲ್ದಾಣಗಳಿಂದ ನೆಂಟರನ್ನು ಕರೆತರುವುದು, ಎಲೆ ಹಾಕುವುದು, ನೀರು ಬಡಿಸುವುದು ನನ್ನ ಪಾಲು. ಮಾಳಿಗೆಯ ಮೇಲೆ ನಾನು ಹತ್ತುವುದಿಲ್ಲ, ಏಕೆಂದರೆ ಬಾಟಲಿ ತೆರೆಯುವುದು ಅಲ್ಲಿಯೇ. ಅದೇ ಓಣಿಯ ಸುತ್ತ ಇರುವ ಬಳಗದ ಇನ್ನೊಬ್ಬರ ಜೊತೆ ರಾತ್ರಿ ಎಂಟಕ್ಕೆ ಮೂಲೆಯ ಅಂಗಡಿಯಲ್ಲಿ ಚಹಾ ಕುಡಿಯುವುದೆಂದು ಮಾತಾಯಿತು. ಊಟದ ಹೊತ್ತಿಗೆ ಭಾವ ಹೆಗಲ ಮೇಲೆ ಕೈಹಾಕಿ, ‘ಅಮ್ಮನ ಹಬ್ಬ ಐತೆ, ಇವತ್ತೊಂದಿನ ತಗಂಡ್ರೆ ಏನಾಗುತ್ತೆ ಮಾರಾಯ’ ಎಂದರು. ‘ಬ್ಯಾಡ ಭಾವ, ಡಾಕ್ಟ್ರು ಗುಳಿಗೆ ನಡೆಸಿದಾರೆ’ ಎಂದೆ. ಅದು ನಿಜವೂ ಆಗಿತ್ತು. ಅವರು ತಕ್ಷಣ ಕೈ ತೆಗೆದು, ‘ಗುಳಿಗೆ ಐತಾ, ಹಂಗಾರೆ ಬ್ಯಾಡ ಬಿಡು’ ಎಂದು, ಇನ್ನೊಬ್ಬರು ಒತ್ತಾಯಿಸಲು ಬಂದಾಗ ತಾವೇ ತಡೆದರು. ನಮ್ಮಲ್ಲಿ ‘ಬಿಟ್ಟಿದ್ದೇನೆ’ ಎಂದರೆ ವಾದ ಶುರುವಾಗುತ್ತದೆ, ‘ಔಷಧಿ ನಡೆಯುತ್ತಿದೆ’ ಎಂದರೆ ವಾದ ಮುಗಿಯುತ್ತದೆ. ಹೊಸದಾಗಿ ಬಿಟ್ಟವರು ಇದನ್ನು ಬಳಸಿಕೊಳ್ಳಲಿ ಎಂದು ಮನಸಾರೆ ಬಯಸುತ್ತೇನೆ. ಎಂಟಕ್ಕೆ ಚಹಾ ಕುಡಿಯಲು ಹೋದಾಗ ಗೆಳೆಯರು ನನಗಿಂತ ಮೊದಲೇ ಬಂದು ನಿಂತಿದ್ದರು. ಅವರಿಗೂ ಆ ಸಂಜೆ ಅಷ್ಟೇ ಕಷ್ಟದ್ದಾಗಿತ್ತು ಎಂಬುದು ಮಾತಾಡಿದಾಗ ತಿಳಿಯಿತು.

ಮನೆಯವರ ನಂಬಿಕೆ ಮಾತ್ರ ನನ್ನ ಆತುರಕ್ಕೆ ಒಗ್ಗಲಿಲ್ಲ. ತಡವಾಗಿ ಬಂದರೆ ಹೆಂಡತಿ ಏನೂ ಕೇಳದೆ ಹತ್ತಿರ ಬಂದು ಉಸಿರೆಳೆದುಕೊಳ್ಳುವುದು ಬಹಳ ದಿನ ನಡೆಯಿತು. ನಾನು ಅದಕ್ಕೆ ಮುನಿಸಿಕೊಳ್ಳಬಾರದೆಂದು ಸಭೆಯಲ್ಲಿ ಹೇಳುತ್ತಿದ್ದರು; ಇಷ್ಟು ವರ್ಷ ಮೋಸ ಹೋದವಳಿಗೆ ಪರೀಕ್ಷಿಸುವ ಹಕ್ಕಿದೆ. ಕುಡಿತಕ್ಕೆ ಹೋಗುತ್ತಿದ್ದ ಹಣದಲ್ಲಿ ಒಂದು ಪಾಲನ್ನು ಅಂಚೆ ಕಚೇರಿಯಲ್ಲಿ ಅವಳ ಹೆಸರಿನಲ್ಲಿ ಆರ್.ಡಿ. ಮಾಡಿದೆವು. ಆ ಖಾತೆ ಐದು ವರ್ಷದ್ದು. ಸಭೆಯಲ್ಲಿ ಇವತ್ತಿನ ದಿನವನ್ನಷ್ಟೇ ನೋಡು ಎನ್ನುತ್ತಾರೆ, ನಾನೂ ಹಾಗೆಯೇ ನೋಡುತ್ತೇನೆ. ಆದರೂ ಪ್ರತಿ ತಿಂಗಳು ಕಂತು ಕಟ್ಟಿ ಬಂದು ಪಾಸ್‌ಬುಕ್ಕನ್ನು ಅವಳ ಕೈಗೆ ಕೊಡುವಾಗ, ಐದು ವರ್ಷದ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡದೆಯೇ ಆಡಿದಂತಾಗುತ್ತದೆ. ಮೊನ್ನೆ ನೀರು ಬಂದ ದಿನ ಅವಳು ಏಳಲಿಲ್ಲ. ನಾನು ಕೊಡ ತುಂಬಿ ಒಳಗೆ ಬಂದಾಗಲೂ ಗಾಢ ನಿದ್ದೆಯಲ್ಲಿದ್ದಳು.

ಈಗ ಮತ್ತೆ ಮೆಕ್ಕೆಜೋಳದ ಸೀಸನ್ನು ಹತ್ತಿರ ಬಂದಿದೆ. ಅಕ್ಟೋಬರ್ ಬಂತೆಂದರೆ ಪ್ರಾಂಗಣದಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ, ತೂಕ ರಾತ್ರಿಯವರೆಗೂ ಎಳೆಯುತ್ತದೆ, ಒಬ್ಬ ಗುಮಾಸ್ತನ ಹೊತ್ತನ್ನು ಇನ್ನೊಬ್ಬನಿಗೆ ಹೊಂದಿಸುವುದು ಸಾಹುಕಾರರಿಗೂ ಕಷ್ಟ. ಹೀಗಾಗಿ ಈ ಸಲ ಮೊದಲೇ ಕುಳಿತು ಮಾತಾಡಿದ್ದೇವೆ. ಸಭೆಯ ದಿನಗಳಲ್ಲಿ ನಾನು ಸಂಜೆ ಆರಕ್ಕೆ ಮಂಡಿಯಿಂದ ಹೊರಡುತ್ತೇನೆ, ಉಳಿದ ದಿನ ಏಳೂವರೆಯವರೆಗೆ ಇರುತ್ತೇನೆ, ಅದಕ್ಕೆ ಬದಲಾಗಿ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವುದು ನನ್ನ ಜವಾಬ್ದಾರಿ. ಅರ್ಜಿಯ ಕೆಲಸವನ್ನು ಸೀಸನ್ ಮುಗಿಯುವವರೆಗೆ ವಾರಕ್ಕೆ ಒಂದೇ ಸಂಜೆಗೆ ಇಳಿಸಿದ್ದೇನೆ. ನಮ್ಮ ಮಂಡಿಯ ಹಮಾಲರೊಬ್ಬರು ಆಸ್ಪತ್ರೆಯಲ್ಲಿದ್ದು ಬಂದು ಈಗಷ್ಟೇ ಕೆಲಸಕ್ಕೆ ಮರಳಿದ್ದಾರೆ, ಸಭೆಗೆ ಬರಲು ಒಪ್ಪಿದ್ದಾರೆ. ಅವರ ತೂಕದ ಕೆಲಸ ಮುಗಿಯುವುದು ಏಳಕ್ಕೆ. ಆದ್ದರಿಂದ ಸೀಸನ್ ಮುಗಿಯುವವರೆಗೆ ಸಭೆಯನ್ನು ಅರ್ಧ ಗಂಟೆ ತಡವಾಗಿ ಶುರು ಮಾಡಬಹುದೇ ಎಂದು ಬಳಗದವರನ್ನು ಕೇಳಿದ್ದೇನೆ. ಶಾಲೆಯ ಜವಾನರು ಬೀಗದ ಕೈಯನ್ನು ನನ್ನ ಬಳಿಯೇ ಬಿಟ್ಟುಹೋಗಲು ಒಪ್ಪಿದ್ದಾರೆ.